ಬ್ರೇಕಿಗೆ ಇಟ್ಟ ಕುಂಕುಮ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಷ್ಟು ತಪ್ಪಿರಬಹುದು. ಆಯುಧಪೂಜೆಯ ದಿನ ಮಳೆ ಜಿನುಗುತ್ತಿತ್ತು ಎಂದು ನನ್ನ ನೆನಪು. ಆದರೆ ಐರ್ಲೆಂಡಿನಲ್ಲಿ ಕಳೆದ ಯಾವ ದಿನವನ್ನು ನೆನೆಸಿಕೊಂಡರೂ ಮಳೆ ತಾನಾಗಿ ಬಂದು ಅದರೊಳಗೆ ಸೇರಿಕೊಳ್ಳುತ್ತದೆ. ಮಾರನೆಯ ದಿನ ಅಮ್ಮ ಗ್ಯಾರೇಜಿಗೆ ಹೊದ್ದುಕೊಂಡು ಬಂದದ್ದು ಬೂದು ಬಣ್ಣದ ಶಾಲು ಎನ್ನುತ್ತೇನೆ ನಾನು. ನನ್ನ ಗಂಡ ಮೋಹನ, ಅಲ್ಲ, ಕಂದು ಬಣ್ಣದ್ದು ಎನ್ನುತ್ತಾನೆ. ಅವನು ಅವತ್ತು ನಮ್ಮ ಜೊತೆ ಇರಲೇ ಇಲ್ಲ, ಆದರೂ ಅಷ್ಟು ಖಚಿತವಾಗಿ ಹೇಳುತ್ತಾನೆ. ಡೈರಿ ಬರೆಯುವವಳು ನೀನು, ತೆಗೆದು ನೋಡು ಎನ್ನುತ್ತಾನೆ. ನೋಡಿದೆ. ಆ ದಿನದ ಕೆಳಗೆ ‘ಬ್ರೇಕ್ ಸರಿಯಾಯಿತು’ ಎಂದಷ್ಟೇ ಇದೆ. ನನ್ನ ಡೈರಿಯೂ ನನ್ನ ಹಾಗೆಯೇ, ಬೇಕಾದ ಹೊತ್ತಿಗೆ ಬಾಯಿ ಬಿಡುವುದಿಲ್ಲ.

ಇದೆಲ್ಲ ಈಗ ನೆನಪಾದದ್ದು ಬಚ್ಚಲುಮನೆಯ ಕಪಾಟಿನಲ್ಲಿ ಸಿಕ್ಕ ಒಂದು ಡಬ್ಬಿಯಿಂದ. ಚಳಿಗೆ ತುಟಿ ಒಡೆದಿತ್ತು. ಹಚ್ಚಿಕೊಳ್ಳೋಣವೆಂದು ಪೆಟ್ರೋಲಿಯಂ ಜೆಲ್ಲಿ ಹುಡುಕಿದರೆ ಕಪಾಟಿನ ಹಿಂದುಗಡೆ ಹಳೆಯದೊಂದು ಸಿಕ್ಕಿತು. ಮುಚ್ಚಳ ತಿರುಗಿಸಿದೆ. ಬಿಳಿಯ ಜೆಲ್ಲಿಯ ನಡುವೆ ಬೆರಳೊಂದು ಅದ್ದಿದ ಗುಳಿ, ಗುಳಿಯ ಅಂಚಿನಲ್ಲಿ ಕುಂಕುಮದ ಕೆಂಪು. ತುಟಿಗೆ ಹಚ್ಚಿಕೊಳ್ಳಲಿಲ್ಲ. ಮುಚ್ಚಳ ಹಾಕಿ, ಸಿಕ್ಕ ಜಾಗದಲ್ಲೇ ಇಟ್ಟು ಬಂದು ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಹತ್ತಿರ ಒಂದು ಸ್ಪೋರ್ಟ್ಸ್ ಕಾರಿದೆ. ಈ ವಾಕ್ಯವನ್ನು ಕನ್ನಡದಲ್ಲಿ ಬರೆಯುವಾಗ ನಾಚಿಕೆಯಾಗುತ್ತದೆ. ಇಂಗ್ಲಿಷಿನಲ್ಲಿ ಹೇಳುವಾಗ ಆಗುವುದಿಲ್ಲ, ಯಾಕೆಂದು ಗೊತ್ತಿಲ್ಲ. ಕನ್ನಡದಲ್ಲಿ ಹೇಳಿದ ಕೂಡಲೇ ಯಾರೋ ಹಿಂದಿನಿಂದ ‘ಅಬ್ಬಾ, ನೀನಾ?’ ಎಂದ ಹಾಗಾಗುತ್ತದೆ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ, ಬೇರೆ ಯಾರೋ ಓಡಿಸಿ ಸಾಕಾಗಿ ಮಾರಿದ ಕಾರು. ನಮ್ಮ ಊರು ಲೂಕನ್‌ನ ಕನ್ನಡ ಗೆಳೆಯರು ಅದನ್ನು ನೋಡಿ ಮೊದಲು ಕೇಳಿದ್ದು, “ಮಕ್ಕಳನ್ನ ಎಲ್ಲಿ ಕೂರಿಸ್ತೀರಿ?” ಎಂದು. ನಮಗೆ ಮಕ್ಕಳಿಲ್ಲವೆಂದು ಆಮೇಲೆ ನೆನಪಾಗಿ, “ಅಲ್ಲ, ಅಕ್ಕಿ ಮೂಟೆ ಎಲ್ಲಿಡ್ತೀರಿ?” ಎಂದು ತಿದ್ದಿಕೊಂಡರು. ಅಕ್ಕಿ ಮೂಟೆಗೆ ನಾನು ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕುತ್ತೇನೆ. ಹಾಕದಿದ್ದರೆ ಕಾರು ಕಿರಿಚುತ್ತದೆ.

ಕಾರು ಕೊಂಡದ್ದು ಒಂದು ಮಟ್ಟದ ಹುಚ್ಚಾದರೆ, ಅದಕ್ಕೆ ಕಾರ್ಬನ್ ಸೆರಾಮಿಕ್ ಬ್ರೇಕ್ ಹಾಕಿಸಿದ್ದು ಇನ್ನೊಂದು ಮಟ್ಟದ್ದು. ಹಾಗೆಂದರೇನು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬರೆಯುವಾಗ ನಾನು ಕೇಳದವರಿಗೂ ಹೇಳುವವಳು. ಸಾಮಾನ್ಯ ಕಾರುಗಳಲ್ಲಿ ಗಾಲಿಯ ಒಳಗೆ ಕಬ್ಬಿಣದ ತಟ್ಟೆ ಇರುತ್ತದೆ. ಬ್ರೇಕ್ ಒತ್ತಿದಾಗ ಎರಡು ಕಡೆಯಿಂದ ಪ್ಯಾಡುಗಳು ಆ ತಟ್ಟೆಯನ್ನು ಹಿಡಿದುಕೊಳ್ಳುತ್ತವೆ. ಈ ಊರಿನ ಮಳೆಗೆ ಆ ಕಬ್ಬಿಣ ರಾತ್ರಿ ಕಳೆಯುವುದರೊಳಗೆ ಕಿತ್ತಳೆ ಬಣ್ಣಕ್ಕೆ ತಿರುಗಿ ತುಕ್ಕು ಹಿಡಿದಿರುತ್ತದೆ, ಬೆಳಗ್ಗೆ ಮೊದಲ ಸಲ ಒತ್ತಿದಾಗ ಕರಕರ ಎನ್ನುತ್ತದೆ. ಕಾರ್ಬನ್ ಸೆರಾಮಿಕ್ ತಟ್ಟೆಗೆ ತುಕ್ಕಿಲ್ಲ, ಗಾಲಿಗೆ ಕಪ್ಪು ಪುಡಿ ಮೆತ್ತುವುದಿಲ್ಲ, ತೂಕ ಕಡಿಮೆ, ಎಷ್ಟು ಕಾದರೂ ಹಿಡಿತ ಸಡಿಲವಾಗುವುದಿಲ್ಲ. ರೇಸಿನ ಟ್ರ್ಯಾಕಿನಲ್ಲಿ ಭಾರೀ ವೇಗದಿಂದ ಮತ್ತೆ ಮತ್ತೆ ನಿಲ್ಲಿಸಬೇಕಾದವರಿಗಾಗಿ ಮಾಡಿದ್ದು. ಒಂದೇ ಕೊರತೆ, ತಣ್ಣಗಿದ್ದಾಗ ಅದು ಅಷ್ಟಾಗಿ ಕಚ್ಚುವುದಿಲ್ಲ. ಸ್ವಲ್ಪ ಬಿಸಿಯಾಗಬೇಕು. ನಮ್ಮ ಮನೆಯಿಂದ ತರಕಾರಿ ಅಂಗಡಿಗೆ ಹೋಗಿ ಬರುವುದರಲ್ಲಿ ಅದು ಒಂದು ದಿನವೂ ಬಿಸಿಯಾದದ್ದಿಲ್ಲ.

“ಲೂಕನ್ ರೋಡಲ್ಲಿ ನಿಲ್ಸೋಕೆ ಬ್ರೇಕ್ ಯಾಕೆ?” ಎಂದ ಮೋಹನ. “ಟ್ರಾಫಿಕ್ಕೇ ನಿಲ್ಸತ್ತೆ.”

ನಾನು ಸುರಕ್ಷತೆಯ ಬಗ್ಗೆ ಭಾಷಣ ಮಾಡಿದೆ. ಕಿಲ್ಡೇರಿನ ರೇಸ್ ಟ್ರ್ಯಾಕಿನಲ್ಲಿ ಒಮ್ಮೆ ಯಾರು ಬೇಕಾದರೂ ತಮ್ಮ ಕಾರು ಓಡಿಸಬಹುದಾದ ದಿನ ಹೋಗಿದ್ದೆನಲ್ಲ, ಅವತ್ತು ಮೂರನೆಯ ಸುತ್ತಿಗೇ ಬ್ರೇಕ್ ಸುಟ್ಟ ವಾಸನೆ ಬಂದಿತ್ತು ಎಂದೆ. ವಾಸನೆ ಬಂದದ್ದು ನಿಜ. ಅದು ನನ್ನ ಮುಂದಿದ್ದವನ ಕಾರಿನದು. ನಾನು ಓಡಿಸಿದ ವೇಗಕ್ಕೆ ನನ್ನ ಬ್ರೇಕಿನಲ್ಲಿ ಹಪ್ಪಳ ಕೂಡ ಸುಡುತ್ತಿರಲಿಲ್ಲ. ನಿಜವಾದ ಕಾರಣ ಹೇಳಿದರೆ ನೀವು ನಗುತ್ತೀರಿ. ಗಾಲಿಯ ಕಡ್ಡಿಗಳ ಸಂದಿಯಿಂದ ಆ ಬೂದು ಬಣ್ಣದ ತಟ್ಟೆ, ಅದನ್ನು ಹಿಡಿದ ಹಳದಿ ಹಿಡಿಕೆ ಕಾಣುತ್ತದಲ್ಲ, ಅದು ನನಗೆ ಬೇಕಾಗಿತ್ತು. ಅಷ್ಟೇ. ಸಿಗ್ನಲ್ಲಿನಲ್ಲಿ ಪಕ್ಕದವನು ಬಗ್ಗಿ ನೋಡಬೇಕು. ಒಬ್ಬ ನೋಡಿದ, ಒಂದು ಸಲ. ಆ ದಿನ ಡೈರಿಯಲ್ಲಿ ಅರ್ಧ ಪುಟ ಬರೆದಿದ್ದೇನೆ.

ಗೆಳೆಯರ ಮಧ್ಯೆ ಮಾತು ಬಂದರೆ “ಬ್ರೇಕ್ ಸ್ವಲ್ಪ ಚೇಂಜ್ ಮಾಡಿಸ್ದೆ” ಎಂದು ದೋಸೆ ಹಂಚಿನ ಹಿಡಿ ಬದಲಿಸಿದ ಹಾಗೆ ಹೇಳಿ ಸುಮ್ಮನಾಗುತ್ತಿದ್ದೆ. ನನ್ನ ಬ್ರೇಕಿನ ಕತೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿದವಳು ಈ ಲೋಕದಲ್ಲಿ ಅಮ್ಮ ಒಬ್ಬಳೇ.

ಅಮ್ಮ ಹೋದ ವರ್ಷ ದಸರಾಕ್ಕೆ ಮುಂಚೆ ಮೈಸೂರಿನಿಂದ ಬಂದಳು. ಅಪ್ಪ ಬರಲಿಲ್ಲ. ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರೆ, ಇಲ್ಲೇ ಮಗನ ಮನೆಯಲ್ಲಿ ಆರಾಮಾಗಿದ್ದೇನೆ ಎಂದರು. ಅಮ್ಮನ ಬಗ್ಗೆ ಒಂದು ವಿಷಯ ನಿಮಗೆ ಗೊತ್ತಿರಬೇಕು. ಅವಳು ನಿವೃತ್ತಿಯಾಗುವವರೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಟ್ರಂಕ್ ಕಾಲಿನ ಕಾಲದಲ್ಲಿ ಊರಿನವರ ಮದುವೆ, ಮನಸ್ತಾಪ, ಆಸ್ಪತ್ರೆ, ಸಾಲ ಎಲ್ಲವೂ ಅವಳ ಕಿವಿಯ ಮೇಲೆಯೇ ಹಾದುಹೋಗಿವೆ. ಒಂದನ್ನೂ ಮನೆಗೆ ತಂದದ್ದು ನನಗೆ ಗೊತ್ತಿಲ್ಲ. ಚಿಕ್ಕವಳಿದ್ದಾಗ, “ಎಲ್ಲಾ ಕೇಳಿಸತ್ತಾ ಅಮ್ಮ?” ಎಂದರೆ, “ಕೇಳ್ಸತ್ತೆ. ಕೇಳಿಸ್ದೇ ಇರೋರ ಥರ ಕೂತಿರೋದಕ್ಕೇ ಸಂಬಳ ಕೊಡೋದು” ಎನ್ನುತ್ತಿದ್ದಳು. ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವಳು ಮನೆಗೆ ಬಂದರೆ ಬಿಡುವುದುಂಟೇ? ಬಂದ ವಾರದಲ್ಲೇ ಅವಳನ್ನು ಡ್ರೈವ್‌ವೇಯಲ್ಲಿ ನಿಲ್ಲಿಸಿಕೊಂಡು, ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಪೂರ್ತಿ ಪಾಠ ಮಾಡಿದೆ.

“ಇದೇನೇ ಇದರ ತುಂಬ ತೂತು? ಬೂಂದಿ ಜಾಲರಿ ಥರ ಇದೆ.”

“ನೀರು, ಬಿಸಿ, ಎಲ್ಲ ಹೋಗ್ಲಿ ಅಂತ ಅಮ್ಮ. ನೋಡು, ಎಲ್ಲಾರೂ ಕಾರಲ್ಲಿ ಇಂಜಿನ್ ನೋಡ್ತಾರೆ. ಜೀವ ಉಳ್ಸೋದು ಇಂಜಿನ್ ಅಲ್ಲ, ಇದು. ಇಡೀ ಕಾರಲ್ಲಿ ಮುಖ್ಯವಾದ್ದು ಅಂದ್ರೆ ಇದೇ.”

ಅಮ್ಮ ಬಗ್ಗಿ, ಸೆರಗು ಹಿಡಿದುಕೊಂಡು ಗಾಲಿಯೊಳಗೆ ಇಣುಕಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಗಂಭೀರವಾಗಿ ಕೇಳಿದಳು: “ನಿಮ್ಮಪ್ಪನ ಚಪ್ಪಲಿಗಿಂತ ಚೆನ್ನಾಗಿ ನಿಲ್ಸತ್ತಾ?”

ಇಬ್ಬರೂ ನಕ್ಕೆವು. ಪಕ್ಕದ ಮನೆಯಾಕೆ ಪರದೆ ಸರಿಸಿ ನೋಡುವಷ್ಟು ನಕ್ಕೆವು.

ಅಪ್ಪನ ಚಪ್ಪಲಿಯ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಮನೆಯಲ್ಲೊಂದು ಹಳೆಯ ಸ್ಕೂಟರ್ ಇತ್ತು. ಮುಂದೆ ಅಣ್ಣ ನಿಲ್ಲುತ್ತಿದ್ದ, ಹಿಂದೆ ಅಮ್ಮ ಒಂದು ಪಕ್ಕಕ್ಕೆ ಕಾಲು ಹಾಕಿ ಕೂರುತ್ತಿದ್ದಳು, ಅಪ್ಪನ ಬೆನ್ನಿಗೂ ಅಮ್ಮನಿಗೂ ನಡುವೆ ನಾನು. ಯಾದವಗಿರಿಯ ಇಳಿಜಾರಿನಲ್ಲಿ ಅಮ್ಮನನ್ನು ಡ್ಯೂಟಿಗೆ ಬಿಡಲು ಹೋಗುವಾಗ ಸ್ಕೂಟರ್ ಬ್ರೇಕನ್ನು ಕೇಳುತ್ತಿರಲಿಲ್ಲ. ಅಪ್ಪ ಕಾಲನ್ನು ರಸ್ತೆಗೆ ಊರಿ, ಚಪ್ಪಲಿಯನ್ನು ಉಜ್ಜುತ್ತಾ ನಿಲ್ಲಿಸುತ್ತಿದ್ದರು. ಒಂದು ಕಾಲಿನ ಚಪ್ಪಲಿ ಮಾತ್ರ ಹಿಮ್ಮಡಿಯಲ್ಲಿ ಸವೆದು ತೆಳ್ಳನೆಯ ದೋಸೆಯಂತಾಗುತ್ತಿತ್ತು. ಕೊನೆಗೆ ಅದಕ್ಕೆ ಲಾರಿ ಟೈರಿನ ತುಂಡು ಹೊಲಿಸಿಕೊಂಡು ಬಂದರು. ಒಂದೇ ಕಾಲಿಗೆ. ನಮ್ಮ ಮನೆತನದಲ್ಲಿ ಬ್ರೇಕನ್ನು ಮೇಲ್ದರ್ಜೆಗೆ ಏರಿಸಿದವರಲ್ಲಿ ನಾನು ಮೊದಲಿನವಳಲ್ಲ ನೋಡಿ. ಆ ಟೈರ್ ಹೊಲಿಸಿದ ಮೇಲೆ ಅಪ್ಪ ನಡೆಯುವಾಗ ಒಂದು ಪಕ್ಕಕ್ಕೆ ಸ್ವಲ್ಪ ಎತ್ತರವಾಗುತ್ತಿದ್ದರು. ನಾನು ಶಾಲೆಯಲ್ಲಿ, ನಮ್ಮಪ್ಪ ಸ್ಕೂಟರನ್ನು ಕಾಲಲ್ಲೇ ನಿಲ್ಲಿಸುತ್ತಾರೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಮೇಷ್ಟರು ನಕ್ಕದ್ದು ಮೆಚ್ಚಿ ಎಂದುಕೊಂಡಿದ್ದೆ.

ಬಲಗಾಲಿನ ಚಪ್ಪಲಿ ಎಂದು ನಾನು. ಬಲಗಾಲು ಬ್ರೇಕಿನ ಮೇಲಿರುತ್ತೆ, ಊರಿದ್ದು ಎಡಗಾಲು ಎಂದು ಅಣ್ಣ. ಬ್ರೇಕೇ ಕೆಲಸ ಮಾಡದಿದ್ದ ಮೇಲೆ ಬಲಗಾಲಿಗೂ ಬಿಡುವೇ ಅಲ್ಲವೇ ಎಂದು ನಾನು. ಅಪ್ಪನನ್ನೇ ಕೇಳಿದರೆ, “ಯಾವ ಚಪ್ಪಲಿ?” ಎನ್ನುತ್ತಾರೆ. ನೆನಪಿನ ಮೇಲೆ ನನಗೆ ನಂಬಿಕೆ ಹೋದದ್ದು ಇಂಥದ್ದರಿಂದಲೇ. ಒಂದೇ ಸ್ಕೂಟರಿನ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತವರು ಕಂಡದ್ದೂ ಬೇರೆ ಬೇರೆ.

ಆಯುಧಪೂಜೆ ಬಂತು. ಬೂದುಗುಂಬಳ ಸಿಗಲಿಲ್ಲ. ಅಕ್ಟೋಬರ್ ಆದ್ದರಿಂದ, ದೆವ್ವದ ವೇಷ, ಕುಚೇಷ್ಟೆಗಳ ಹಬ್ಬ ಹ್ಯಾಲೋವೀನಿಗೆ ತಂದಿಟ್ಟ ಕಿತ್ತಳೆ ಕುಂಬಳಕಾಯಿ ಅಂಗಡಿ ತುಂಬ ಇತ್ತು, ಅದನ್ನೇ ತಂದೆವು. ಇಲ್ಲಿನ ನಿಂಬೆಹಣ್ಣು ಮೊಟ್ಟೆಯಷ್ಟು ದಪ್ಪ. ಅವನ್ನು ಗಾಲಿಯ ಕೆಳಗಿಟ್ಟರೆ ಕಾರು ಏರಲಾರದೆ ಮುಲುಕಿತು. ಮೋಹನನ ಕಾರು, ನನ್ನ ಕಾರು, ಹುಲ್ಲು ಕತ್ತರಿಸುವ ಯಂತ್ರ, ನನ್ನ ಲ್ಯಾಪ್‌ಟಾಪು, ಎಲ್ಲಕ್ಕೂ ಅಮ್ಮ ಅರಿಶಿನ ಕುಂಕುಮ ಇಟ್ಟಳು. ಇಟ್ಟದ್ದೇ ಇಟ್ಟದ್ದು, ಸಣ್ಣ ಮಳೆ ಹನಿದು ಬಾನೆಟ್ಟಿನ ಮೇಲಿನ ಕುಂಕುಮ ಕೆಂಪು ಗೆರೆಯಾಗಿ ಇಳಿದುಹೋಯಿತು. ಮತ್ತೆ ಇಟ್ಟಳು. ಮತ್ತೆ ಇಳಿಯಿತು.

“ನಿಲ್ತಾನೇ ಇಲ್ವಲ್ಲೇ!”

“ಪರವಾಗಿಲ್ಲ ಬಿಡಿ ಅತ್ತೆ,” ಎಂದ ಮೋಹನ. “ಇಟ್ಟಿದ್ದು ದೇವರು ನೋಡಿರ್ತಾನೆ.”

“ದೇವ್ರು ನೋಡ್ತಾನಪ್ಪ. ಎದುರುಗಡೆಯಿಂದ ಬರೋ ಲಾರಿ ನೋಡ್ಬೇಕಲ್ಲ,” ಎಂದಳು ಅಮ್ಮ.

ನನ್ನ ಅಜ್ಜಿ ಹಣೆಗೆ ಮೊದಲು ಉಂಗುರದ ಬೆರಳಿನಿಂದ ಮೇಣ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಬೆವರಿಗೂ ಜಾರದು, ಸ್ನಾನಕ್ಕೂ ಹೋಗದು. ಅಮ್ಮನಿಗೆ ಅದು ನೆನಪಾಗಿರಬೇಕು. ನಾನು ಮಹಡಿಯ ಮೇಲೆ ಆಫೀಸಿನ ಮೀಟಿಂಗಿನಲ್ಲಿದ್ದಾಗ ಬಚ್ಚಲುಮನೆಯ ಜೆಲ್ಲಿ ಡಬ್ಬಿ ತೆಗೆದುಕೊಂಡು ಹೊರಗೆ ಹೋಗಿದ್ದಾಳೆ. ಸಂಜೆ ನೋಡಿದರೆ ಬಾನೆಟ್ಟಿನ ಮೇಲೆ ದುಂಡಗೆ, ದಪ್ಪಗೆ, ಮಳೆಗೆ ಸವಾಲು ಹಾಕುತ್ತಾ ಕುಂಕುಮ ಕೂತಿತ್ತು. ನನಗೆ ಖುಷಿಯಾಯಿತು. ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಗಾಲಿಯ ಕಡೆ ನೋಡಲಿಲ್ಲ.

ಮಾರನೆಯ ದಿನ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ಆ ಕಾರಿನಲ್ಲಿ ಕೂರುವುದೇ ಅವಳಿಗೊಂದು ತಮಾಷೆ. “ಮಣೆ ಹಾಕಿ ಊಟಕ್ಕೆ ಕೂರ್ಸಿದ ಹಾಗಿದೆ. ಎಲೆ ಹಾಕೋದೊಂದು ಬಾಕಿ,” ಎನ್ನುತ್ತಿದ್ದಳು. ಮೊದಲ ರೌಂಡಬೌಟಿನ ಹತ್ತಿರ ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಅಂದರೆ ನಿಂತಿತು, ಆದರೆ ನಾನು ಹೇಳಿದ ಜಾಗದಲ್ಲಲ್ಲ. ನರಳಿತು, ಎಡಕ್ಕೆ ಎಳೆಯಿತು, ಗೆರೆ ದಾಟಿ ಮೂತಿಯನ್ನು ರೌಂಡಬೌಟಿನೊಳಗೆ ತೂರಿಸಿತು. ಬಲಗಡೆಯಿಂದ ಬಂದ ಬಸ್ಸು ಹಾರನ್ ಒತ್ತಿಕೊಂಡೇ ಹಾದುಹೋಯಿತು. ಪಕ್ಕಕ್ಕೆ ನೋಡಿದರೆ ಅಮ್ಮ ಎರಡೂ ಕಾಲನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು. “ನಿಂತ್ತಲ್ಲ, ಬಿಡು,” ಎಂದಳು. ಸ್ಕೂಟರಿನ ಹಿಂದೆ ಕೂತು ಅಪ್ಪನಿಗೂ ಅದನ್ನೇ ಹೇಳುತ್ತಿದ್ದಳು.

ಅಲ್ಲಿಂದ ತೆವಳುತ್ತಾ ನಾಸ್ ರಸ್ತೆಯ ಆಚೆಗಿನ ಗ್ಯಾರೇಜಿಗೆ ಹೋದೆ. ಬ್ರೇಕ್ ಹಾಕಿಕೊಟ್ಟದ್ದು ಅಲ್ಲಿಯವನೇ, ಡೆಕ್ಲನ್ ಎಂದು ಕರೆಯೋಣ. ದೊಡ್ಡ ದೇಹ, ಮೆಲು ದನಿ. ಕಾರನ್ನು ಎತ್ತಿ, ಗಾಲಿ ಬಿಚ್ಚಿ, ಅವನು “ಜೀಸಸ್” ಎಂದದ್ದು ಕೇಳಿಸಿತು. ನಾನು ಹತ್ತಿರ ಹೋದೆ. ಅಮ್ಮ ಸ್ವಲ್ಪ ದೂರದಲ್ಲಿ, ಗಿರಾಕಿಗಳಿಗೆಂದು ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು.

ತಟ್ಟೆಯ ಮೇಲೆ ಮೂರು ಬೆರಳಿನ ಅರಿಶಿನದ ಪಟ್ಟೆ. ಅದರ ನಡುವೆ ಕುಂಕುಮ. ಪ್ಯಾಡು ಉಜ್ಜದ ಒಳ ಅಂಚಿನಲ್ಲಿ ಅದು ಅಳಿಯದೆ ಉಳಿದಿತ್ತು. ಬೆರಳು ಎಟುಕಿದಷ್ಟು ತೂತುಗಳಲ್ಲಿ, ಒಂದೊಂದರಲ್ಲೂ, ಜೆಲ್ಲಿಯಲ್ಲಿ ಕಲಸಿದ ಕುಂಕುಮದ ಬೊಟ್ಟು. ಎಷ್ಟು ತಾಳ್ಮೆಯಿಂದ ಇಟ್ಟಿದ್ದಳೆಂದರೆ, ಒಂದು ಬೊಟ್ಟೂ ತೂತಿನ ಅಂಚು ದಾಟಿರಲಿಲ್ಲ. ಉಳಿದದ್ದೆಲ್ಲ ಕರಗಿ ಪ್ಯಾಡುಗಳಿಗೆ ಹೀರಿಕೊಂಡಿತ್ತು. ಡೆಕ್ಲನ್ ಒಂದು ಪ್ಯಾಡನ್ನು ನನ್ನ ಮುಖದ ಮುಂದೆ ಹಿಡಿದು ಇದೇನು, ಬಣ್ಣವಾ, ಗ್ರೀಸಾ ಎಂದು ಕೇಳಿದ.

ನನಗೆ ಒಂದು ನೋಟಕ್ಕೇ ಗೊತ್ತಾಗಿತ್ತು. ಹೇಳುವುದಕ್ಕೆ ಒಂದೇ ವಾಕ್ಯ ಸಾಕಿತ್ತು. ನಮ್ಮಮ್ಮ ಪೂಜೆ ಮಾಡಿದ್ದಾಳೆ, ನನಗೆ ಅಪಾಯ ಬರದಿರಲಿ ಅಂತ. ಅಷ್ಟೇ.

ನಾನು ಹೇಳಿದ್ದು ಇದು. ಇಂಗ್ಲಿಷಿನಲ್ಲಿ, ಅದೂ ನನ್ನ ಆಫೀಸಿನ ದನಿಯಲ್ಲಿ, ಇಲ್ಲಿಯವರ ಧಾಟಿಯನ್ನು ಎರವಲು ಪಡೆದು: ಅಯ್ಯೋ, ನನಗೇನು ಗೊತ್ತು, ನಮ್ಮ ರಸ್ತೆಯ ಯಾವನೋ ಈಜಿಟ್ ಮಾಡಿರಬೇಕು, ಹ್ಯಾಲೋವೀನ್ ಬಂತಲ್ಲ. ಹೇಳಿ ನಕ್ಕೆ.

ಈಜಿಟ್ ಎಂದರೆ ಈ ಊರಿನ ಮಾತಿನಲ್ಲಿ ಪೆದ್ದು, ಮೂರ್ಖ. ಅಮ್ಮ ಬಂದ ಹೊಸದರಲ್ಲಿ ಟೀವಿಯಲ್ಲಿ ಕೇಳಿ, “ಹಂಗಂದ್ರೇನೇ?” ಎಂದಿದ್ದಳು. ನಾನೇ ಅರ್ಥ ಹೇಳಿಕೊಟ್ಟಿದ್ದೆ. ಆಮೇಲೆ ಮೂರು ದಿನ, ಹಾಲು ಉಕ್ಕಿಸಿದಾಗಲೆಲ್ಲ ಮೋಹನನನ್ನು ಅವಳು ಹಾಗೆಂದೇ ಕರೆದು ನಗಿಸಿದ್ದಳು.

ಈಗ ನನಗೆ ತೊಡಕಾಗಿರುವ ಜಾಗ ಇದು. ಅಮ್ಮನ ಉಂಗುರದ ಬೆರಳು ಅವತ್ತೂ ಕೆಂಪಗಿತ್ತು. ಜೆಲ್ಲಿಯ ಕುಂಕುಮ ಬೇಗ ಹೋಗುವುದಿಲ್ಲ. ಅವಳು ಆ ಕೈಯನ್ನು ಮೆಲ್ಲಗೆ ಶಾಲಿನೊಳಗೆ ಸೇರಿಸಿಕೊಂಡದ್ದನ್ನು ನಾನು ನೋಡಿದೆ. ಇದರಲ್ಲಿ ಅನುಮಾನವಿಲ್ಲ. ಆದರೆ ಯಾವಾಗ? ನಾನು ಆ ಮಾತು ಆಡುವುದಕ್ಕೆ ಮುಂಚೆಯೋ, ಆಡಿದ ಮೇಲೋ? ಮುಂಚೆ ಎಂದಾದರೆ ಅದು ಬರೀ ಚಳಿ. ಗ್ಯಾರೇಜಿನ ದೊಡ್ಡ ಬಾಗಿಲು ತೆರೆದಿತ್ತು, ಗಾಳಿ ಒಳಗೆ ನುಗ್ಗುತ್ತಿತ್ತು. ಆಮೇಲೆ ಎಂದಾದರೆ... ನಾನು ಆ ದೃಶ್ಯವನ್ನು ಎರಡೂ ಥರ ಓಡಿಸಿ ನೋಡಿದ್ದೇನೆ. ಎರಡೂ ಥರ ಓಡುತ್ತದೆ.

ಡೆಕ್ಲನ್ ನಗುತ್ತಾ ತಲೆಯಾಡಿಸಿದ. ಪ್ಯಾಡುಗಳು ಕೆಲಸಕ್ಕೆ ಬಾರವು, ಬದಲಿಸಬೇಕು, ತಟ್ಟೆಗೆ ಏನೂ ಆಗಿಲ್ಲ, ಒರೆಸಿ ಕಾಯಿಸಿದರೆ ‘ಗ್ರ್ಯಾಂಡ್’, ಸರಿಹೋಗುತ್ತದೆ ಎಂದ. ಆಮೇಲೆ ಪ್ಯಾಡನ್ನು ಬಟ್ಟೆಯಲ್ಲಿ ಸುತ್ತುತ್ತಾ ಇನ್ನೊಂದು ಮಾತು ಹೇಳಿದ. ಪುಣ್ಯಕ್ಕೆ ಇದು ತನ್ನ ಅಮ್ಮನ ಕೆಲಸವಲ್ಲ, ತಾನು ಯಾವ ಗಾಡಿ ಕೊಂಡರೂ ಅವಳು ಒಂದು ಬಾಟಲಿ ಚರ್ಚಿನ ತೀರ್ಥ ತಂದು ಸುರಿಯುತ್ತಾಳೆ, ಹೋದ ಸಲ ನೇರವಾಗಿ ರೇಡಿಯೋ ಮೇಲೆ ಸುರಿದಳು, ಅವತ್ತಿನಿಂದ ಅದು ಮಾತಾಡುತ್ತಿಲ್ಲ. ಹೇಳಿ ತನ್ನ ವ್ಯಾನಿನ ಕಡೆ ಕೈ ತೋರಿಸಿದ. ಕನ್ನಡಿಯಲ್ಲಿ ಸಂತನೊಬ್ಬನ ಪದಕ ನೇತಾಡುತ್ತಿತ್ತು.

ಆಗಲೂ ಹೇಳಬಹುದಿತ್ತು. ಬಾಗಿಲು ತೆರೆದು, ಬಾರಮ್ಮ ಎಂದು ಕರೆದ ಹಾಗಿತ್ತು ಅವನ ಮಾತು. ಈಗ ಹೇಳಿದರೆ ಮೊದಲು ಹೇಳಿದ್ದು ಸುಳ್ಳಾಗುತ್ತದಲ್ಲ ಎಂದು ಸುಮ್ಮನಾದೆ. ಬ್ರೇಕಿನ ಮಟ್ಟಿಗಷ್ಟೇ ಪರಿಚಯವಿದ್ದ ಮೆಕ್ಯಾನಿಕ್ಕನ ಮುಂದೆ ನನ್ನ ಮರ್ಯಾದೆ ಅಷ್ಟು ದುಬಾರಿಯಾಗಿತ್ತು.

ಅವನು ಕೈ ತೊಳೆದು ಅಮ್ಮನ ಹತ್ತಿರ ಹೋಗಿ, ಸ್ವಲ್ಪ ಬಗ್ಗಿ, ಚಹಾ ಕುಡಿಯುತ್ತೀರಾ ಎಂದು ಕೇಳಿದ. ಅಮ್ಮ ನೆಟ್ಟಗೆ ಕೂತು, ಎಕ್ಸ್‌ಚೇಂಜಿನ ಸ್ಪಷ್ಟ ಇಂಗ್ಲಿಷಿನಲ್ಲಿ, “ಯೆಸ್ ಪ್ಲೀಸ್. ವಿತೌಟ್ ಶುಗರ್,” ಎಂದಳು. ಇಲ್ಲಿಯವರ ಉಚ್ಚಾರಣೆ ಒಂದಕ್ಷರವೂ ತಿಳಿಯದು ಎಂದು ಬಂದ ದಿನದಿಂದ ದೂರುತ್ತಿದ್ದವಳು. ಎಡಗೈಯಲ್ಲಿ ಲೋಟ ತೆಗೆದುಕೊಂಡಳು. ಅಮ್ಮ ಯಾರಿಂದಲೂ ಎಡಗೈಯಲ್ಲಿ ಏನನ್ನೂ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಅಥವಾ ಇದೂ ನಾನು ಆಮೇಲೆ ಸೇರಿಸಿಕೊಂಡ ವಿವರವೋ ಏನೋ.

ಮನೆಗೆ ಬರುವಾಗ ಬ್ರೇಕ್ ಚೆನ್ನಾಗಿ ಹಿಡಿಯುತ್ತಿತ್ತು. ಅಮ್ಮ ಕಿಟಕಿಯ ಹೊರಗೆ ನೋಡುತ್ತಾ, “ಒಳ್ಳೇ ಹುಡುಗ ಕಣೇ. ಚಹಾ ಮಾತ್ರ ನೀರು,” ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಏನಾಗಿತ್ತಂತೆ ಪುಟ್ಟಿ?”

ಅವಳಿಗೆ ಗೊತ್ತಿಲ್ಲದೆ ಕೇಳಿದಳೋ, ಗೊತ್ತಿದ್ದು ನನಗೊಂದು ಅವಕಾಶ ಕೊಟ್ಟಳೋ.

“ಏನೋ ಜಿಡ್ಡು ತಾಗಿತ್ತಂತೆ ಅಮ್ಮ. ಏನಿಲ್ಲ.”

“ಓಹ್,” ಎಂದಳು. “ನಿಂತ್ತಲ್ಲ, ಸಾಕು.”

ಬೇಜಾರಾಗಬಾರದೆಂದು ಅವಳಿಂದ ಮುಚ್ಚಿಟ್ಟೆ ಎಂದು ಸಮಾಧಾನ ಮಾಡಿಕೊಂಡೆ. ಅದೂ ಪೂರ್ತಿ ಸುಳ್ಳಲ್ಲ. ಆದರೆ ಮರುದಿನ ಬೆಳಗ್ಗೆ ನೋಡುತ್ತೇನೆ, ಬಾನೆಟ್ಟಿನ ಮೇಲಿನ ಕುಂಕುಮ ಇಲ್ಲ. ಚೂರೂ ಕಲೆಯಿಲ್ಲದೆ ಒರೆಸಿದ ಹಾಗಿತ್ತು. ಹುಲ್ಲು ಕತ್ತರಿಸುವ ಯಂತ್ರದ ಮೇಲೂ ಇಲ್ಲ. ನನ್ನ ಲ್ಯಾಪ್‌ಟಾಪಿನ ಮೇಲೂ ಇಲ್ಲ. “ಕುಂಕುಮ ಏನಾಯ್ತಮ್ಮ?” ಎಂದರೆ, “ಮಳೆಗೆ ಹೋಯ್ತೇನೋ,” ಎಂದು ಚಪಾತಿ ಹಿಟ್ಟಿಗೆ ಕೈ ಹಾಕಿದಳು. ಮಳೆಗೆ ಹೋಗದಿರಲಿ ಎಂದೇ ಅಷ್ಟೆಲ್ಲ ಮಾಡಿದ್ದಲ್ಲವೇ? ಲ್ಯಾಪ್‌ಟಾಪ್ ಇದ್ದದ್ದು ಮಹಡಿಯ ಮೇಲೆ, ಮೇಜಿನ ಮೇಲೆ. ನಾನು ಮುಂದೆ ಕೇಳಲಿಲ್ಲ. ಉಳಿದ ವಾರಗಳಲ್ಲಿ ಅಮ್ಮ ಎಂದಿನಂತೆಯೇ ಇದ್ದಳು. ನಗಿಸಿದಳು, ಹುಳಿ ಮಾಡಿದಳು, ಮೋಹನನನ್ನು ಬೈದಳು. ಈಜಿಟ್ ಎಂದು ಮಾತ್ರ ಬೈಯಲಿಲ್ಲ. ಆ ಮಾತು ಅವಳಿಗೆ ಹಳತಾಗಿರಬಹುದು. ಹೊಸ ಆಟಿಕೆ ಎಷ್ಟು ದಿನ?

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ವರ್ಷದ ಆಯುಧಪೂಜೆಗೆ ಅಣ್ಣ ಮೈಸೂರಿನಿಂದ ಫೋಟೋ ಕಳಿಸಿದ. ಅವನ ಕಾರು, ಅತ್ತಿಗೆಯ ಸ್ಕೂಟರು, ಹೊಲಿಗೆ ಯಂತ್ರ, ಗ್ರೈಂಡರು ಸಾಲಾಗಿ ನಿಂತಿವೆ, ಎಲ್ಲಕ್ಕೂ ಚೆಂಡುಹೂವಿನ ಹಾರ, ಎಲ್ಲಕ್ಕೂ ಅಮ್ಮನ ಕೈಯ ದುಂಡು ಕುಂಕುಮ. ಹಿಗ್ಗಿಸಿ ನೋಡಿದೆ. ಕಾರಿನ ಗಾಲಿಗೆ ಇಲ್ಲ. ಸ್ಕೂಟರಿನ ಗಾಲಿಗೂ ಇಲ್ಲ. ಅಪ್ಪನ ಸ್ಕೂಟರಿಗೆ ಪೂಜೆ ಮಾಡುವಾಗ ಅವಳು ಗಾಲಿಯಿಂದಲೇ ಶುರು ಮಾಡುತ್ತಿದ್ದಳು. ಸ್ಟೆಪ್ನಿಯನ್ನೂ ಬಿಡುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ನೆನಪಿದೆ. ಅಣ್ಣನಿಗೂ ನೆನಪಿದೆ, ಆ ಮಟ್ಟಿಗೆ ಇದು ನಿಜವೇ ಇರಬೇಕು.

ಬಚ್ಚಲುಮನೆಯಲ್ಲಿ ಆ ಡಬ್ಬಿ ಸಿಕ್ಕಿತೆಂದೆನಲ್ಲ, ಅದು ಈ ಫೋಟೋ ಬಂದ ಮೂರನೆಯ ದಿನ. ಇಂದು ಬೆಳಗ್ಗೆ. ಬರೆಯಲು ಕೂತವಳು ಅರ್ಧಕ್ಕೆ ಎದ್ದು ಅಮ್ಮನಿಗೆ ವೀಡಿಯೋ ಕಾಲ್ ಮಾಡಿದೆ. ಫೋನ್ ಕೈಯಲ್ಲಿ ಹಿಡಿದುಕೊಂಡು ಅಮ್ಮ ಹಣೆ ಮಾತ್ರ ತೋರಿಸುತ್ತಾಳೆ, ಯಾವಾಗಲೂ ಹಾಗೆಯೇ.

“ಏನೇ ಇಷ್ಟೊತ್ನಲ್ಲಿ? ಆಫೀಸಿಲ್ವಾ?”

“ಇದೆ ಅಮ್ಮ. ಫೋಟೋ ನೋಡ್ದೆ. ಗಾಲಿಗೆ ಯಾಕಮ್ಮ ಕುಂಕುಮ ಇಟ್ಟಿಲ್ಲ?”

“ಮರ್ತೆ ಕಣೇ. ವಯಸ್ಸಾಯ್ತಲ್ಲ,” ಎಂದಳು ಥಟ್ಟನೆ. ಕೇಳುವ ಮೊದಲೇ ಸಿದ್ಧವಾಗಿದ್ದ ಹಾಗೆ. “ತುಟಿ ಏನಾಗಿದೆ ನಿಂಗೆ? ತುಪ್ಪ ಹಚ್ಕೋ.”

ತುಟಿಗೆ ಏನೂ ಹಚ್ಚಿಕೊಳ್ಳದ ಕಾರಣ ಬಾಯಿಗೆ ಬಂತು. ನುಂಗಿಕೊಂಡೆ. ಆಮೇಲೆ, ನನ್ನ ಆಫೀಸಿನ ದನಿಯಲ್ಲಲ್ಲ, ಸ್ಕೂಟರಿನ ಮೇಲೆ ಅವಳ ಮಡಿಲಿಗೆ ಒತ್ತಿಕೊಂಡು ಕೂತವಳ ದನಿಯಲ್ಲಿ ಕೇಳಿದೆ: “ಅಮ್ಮ, ಅವತ್ತು ಗ್ಯಾರೇಜಲ್ಲಿ ನಾನು ಅವನಿಗೆ ಏನು ಹೇಳ್ದೆ ಅಂತ ನಿಂಗೆ ಗೊತ್ತಾಯ್ತಾ?”

ಹಣೆ ಕದಲಲಿಲ್ಲ. ಕುಂಕುಮವೂ ಕದಲಲಿಲ್ಲ.

“ಇರೇ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ,” ಎಂದು ಅಮ್ಮ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಎದ್ದಳು. ಹೆಜ್ಜೆಯ ಸದ್ದು ದೂರವಾಯಿತು. ಪರದೆಯ ತುಂಬ ಅಣ್ಣನ ಮನೆಯ ಸೂರು, ಅದರಲ್ಲಿ ನಿಧಾನವಾಗಿ ತಿರುಗುವ ಫ್ಯಾನು. ಪಾತ್ರೆಯ ಸದ್ದು ಕೇಳಲಿಲ್ಲ, ಒಲೆ ಆರಿಸಿದ ಸದ್ದೂ ಕೇಳಲಿಲ್ಲ. ನಾನು ಕಾಯುತ್ತಾ ಕೂತೆ. ಕೊನೆಗೆ ಫ್ಯಾನಿಗೇ ಹೇಳುವಂತೆ ಇನ್ನೊಂದು ಸಲ ಕೇಳಿದೆ:

“ಗೊತ್ತಾಯ್ತಾ ಅಮ್ಮ?”